ಅರಗಿನ ಪ್ಲೇಟಿನ ಮೇಲೆ ಯಾರ ಹೆಸರಿದೆ?

ಪೋಸ್ಟ್ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಓದಿ, ಕೊನೆಗೆ ನಿಮ್ಮಿಂದ ಒಂದು ಕೆಲಸ ಆಗಬೇಕು.

ನಮ್ಮ ಮಾಕಳಿಯಲ್ಲಿ ತುಮಕೂರು ರಸ್ತೆ ಬದಿ ಒಂದು ಗುಜರಿ ಅಂಗಡಿ ಇದೆ. ಪೀಣ್ಯದ ಶೆಡ್ಡುಗಳ ತಗಡು, ವೈರು, ಮನೆ ಖಾಲಿ ಮಾಡಿದವರ ಹಳೆ ಪೇಪರು, ಎಲ್ಲ ಅಲ್ಲಿಗೆ ಬರುತ್ತೆ. ಹೋದ ತಿಂಗಳು ಒಂದು ಗೋಣಿಚೀಲದ ತುಂಬ ಹಾಡಿನ ಪ್ಲೇಟು ಬಂದಿದ್ದವು. ಅಂಗಡಿಯಣ್ಣ ಆಗಲೇ ಎರಡು ಗುಡ್ಡೆ ಮಾಡಿದ್ದ. "ಇವು ಬಗ್ಗುತ್ತವೆ, ಪ್ಲಾಸ್ಟಿಕ್ ರೇಟಿಗೆ ಹೋಗ್ತವೆ. ಅವು ಬಗ್ಗಲ್ಲ, ಒಡೀತವೆ. ಯಾರೂ ತಗೊಳಲ್ಲ, ನೀವೇ ಎತ್ಕೊಂಡೋಗಿ ಸಾರ್" ಅಂದ.

ಪ್ಲೇಟು ಹುಡುಕುವವರು ವರ್ಷಗಟ್ಟಲೆ ಕಲಿಯುವ ಮೊದಲ ಪಾಠವನ್ನು ಆತ ಎರಡು ನಿಮಿಷದಲ್ಲಿ ಹೇಳಿ ಮುಗಿಸಿದ್ದ. ಬಗ್ಗುವುದು ವಿನೈಲ್. ಒಡೆಯುವುದು ಅರಗಿನದ್ದು, 78 ಆರ್‌ಪಿಎಂ.

ಅರಗು ಅಂದ್ರೆ ನಮಗೆ ತಕ್ಷಣ ನೆನಪಾಗೋದು ಮಹಾಭಾರತದ ಅರಗಿನ ಮನೆ. ಪಾಂಡವರು ಸುರಂಗದಲ್ಲಿ ಪಾರಾದರು ಅಂತ ಹೇಳಿಕೊಟ್ಟರು. ಅವರ ಬದಲಿಗೆ ಒಬ್ಬ ನಿಷಾದ ಹೆಂಗಸು, ಅವಳ ಐದು ಮಕ್ಕಳು ಆ ಮನೆಯಲ್ಲಿ ಸುಟ್ಟು ಬೂದಿಯಾದರು. ಅವರಿಗೆ ಹೆಸರಿಲ್ಲ. ಪ್ಲೇಟಿನ ಕಥೆಯೂ ಹಾಗೇ ಇದೆ. ಛೋಟಾನಾಗಪುರದ ಕಾಡಂಚಿನಲ್ಲಿ ಮುತ್ತುಗ, ಎಲಚಿ, ಕುಸುಮ ಮರಗಳ ಕೊಂಬೆಗೆ ಪುಟ್ಟ ಹುಳುಗಳು ಅರಗು ಕಟ್ಟುತ್ತವೆ. ಅದನ್ನು ಕೆರೆದು ತಂದವರಲ್ಲಿ ಬಹುಪಾಲು ಆದಿವಾಸಿಗಳು. ಅರಗನ್ನು ಬಟ್ಟೆಯ ಚೀಲಕ್ಕೆ ತುಂಬಿ, ಕೆಂಡದ ಮುಂದೆ ಕೂತು ಹಿಂಡಿ, ಬಿಸಿಯಿರುವಾಗಲೇ ಕೈಕಾಲು ಹಲ್ಲು ಎಲ್ಲ ಬಳಸಿ ಹಾಳೆಯಂತೆ ಎಳೆಯುತ್ತಿದ್ದರು. ಅದಕ್ಕೆ ಕಲ್ಲಿನ ಪುಡಿ, ಕಪ್ಪು ಮಸಿ ಸೇರಿಸಿ ಒತ್ತಿದರೆ ಪ್ಲೇಟು. ಜಗತ್ತಿನ ಅರಗಿನಲ್ಲಿ ಹೆಚ್ಚಿನ ಪಾಲು ಹೋಗುತ್ತಿದ್ದುದು ನಮ್ಮ ದೇಶದಿಂದಲೇ. ಯುದ್ಧಕಾಲದಲ್ಲಿ, 1942ರಲ್ಲಿ, ಅಮೆರಿಕ ಸರ್ಕಾರ ಪ್ಲೇಟು ಕಂಪನಿಗಳಿಗೆ ಸಿಗುವ ಅರಗನ್ನು ಶೇ. 70ರಷ್ಟು ಕಡಿತ ಮಾಡಿತು. ನ್ಯೂಯಾರ್ಕಿನ ಹಾಡು ನಿಂತಿದ್ದು ರಾಂಚಿ ಕಡೆಯ ಕೊಂಬೆಗಳ ಮೇಲೆ! ಆದರೆ ಯಾವ ಲೇಬಲ್ ಮೇಲೂ ಆ ಕೈಗಳ ಗುರುತಿಲ್ಲ.

ಈಗ ಲೇಬಲ್ ವಿಷಯಕ್ಕೆ ಬರೋಣ. ಒಂದೇ ಹಾಡನ್ನು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರ್ಖಾನೆಯಲ್ಲಿ ಒತ್ತಿರುತ್ತಾರೆ. ಕಂಪನಿ ಹೆಸರಿನಲ್ಲಿ ಗ್ರಾಮಫೋನ್ ಜೊತೆ 'ಟೈಪ್‌ರೈಟರ್' ಅಂತಲೂ ಇದ್ದರೆ ಅದು 1900ರ ಕೊನೆಯಿಂದ 1907ರ ನಡುವಿನದು. ಒಂದೇ ಬದಿ ಹಾಡಿದ್ದು ಇನ್ನೊಂದು ಬದಿ ಬೋಳಾಗಿದ್ದರೂ ಹಳೆಯದೇ. ಜರ್ಮನಿಯ ಹ್ಯಾನೋವರ್ ಹೆಸರಿದ್ದರೆ, ಹಾಡಿದ್ದು ಇಲ್ಲಿ, ಒತ್ತಿದ್ದು ಅಲ್ಲಿ. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾಯಿತು, ಆಮೇಲೆ ಡಮ್‌ಡಮ್‌ಗೆ ಹೋಯಿತು. ಮೊದಲು ರೆಕ್ಕೆಯ ದೇವದೂತೆಯ ಚಿತ್ರ, ನಂತರ ನಾಯಿ. ಹಾಡು ಮುಗಿದು ಲೇಬಲ್ ಶುರುವಾಗುವ ನಡುವಿನ ಖಾಲಿ ಜಾಗದಲ್ಲಿ ಒಂದು ಸಂಖ್ಯೆ ಕೊರೆದಿರುತ್ತಾರೆ. ಅದೇ ಅಚ್ಚಿನ ಜಾತಕ. ಆ ಸಂಖ್ಯೆಯ ಪಕ್ಕ ಪುಟ್ಟ ತ್ರಿಕೋನ ಇದ್ದರೆ ಅದು 1925ರ ನಂತರದ್ದು, ಮೈಕ್ ಇಟ್ಟು ಹಾಡಿಸಿದ್ದು. ಅದಕ್ಕೂ ಮೊದಲು ದೊಡ್ಡ ತಗಡಿನ ಕೊಂಬಿನೊಳಗೆ ಮುಖ ತೂರಿಸಿ ಕೂಗಿ ಹಾಡಬೇಕಿತ್ತು.

ಹಾಗೆ ಮೊದಲು ಹಾಡಿದವರು ಯಾರು? 1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲೊಂದರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತನ ಯಂತ್ರದ ಮುಂದೆ ಗೌಹರ್ ಜಾನ್ ಹಾಡಿದರು. ತವಾಯಿಫ್ ಹೆಣ್ಣುಮಗಳು. ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳುತ್ತಿದ್ದರು, ಹ್ಯಾನೋವರಿನಲ್ಲಿ ಪ್ಲೇಟು ಒತ್ತುವವನಿಗೆ ಯಾರ ಹಾಡು ಅಂತ ಗೊತ್ತಾಗಲಿ ಅಂತ. ದಕ್ಷಿಣದಲ್ಲಿ ಸೇಲಂ ಗೋದಾವರಿ, ಕೊಯಮತ್ತೂರು ತಾಯಿ ಹಾಡಿದರು. ಅವರು ದೇವದಾಸಿ ಮನೆತನದವರು. 'ಮರ್ಯಾದಸ್ಥರ' ಮನೆಯ ಹೆಂಗಸರು ಆಗ ಯಂತ್ರದ ಹತ್ತಿರವೂ ಬರಲಿಲ್ಲ. ಅವರು ಬರತೊಡಗಿದ ಮೇಲೆ ಏನಾಯ್ತು ಗೊತ್ತಾ? ಕೆಲವು ಲೇಬಲ್‌ಗಳಲ್ಲಿ ಗಾಯಕರ ಹೆಸರಿನ ಪಕ್ಕ 'ಅಮೆಚೂರ್' ಅಂತ ಅಚ್ಚಾಗತೊಡಗಿತು. ಅಂದ್ರೆ, "ನಾವು ಹಾಡಿ ಹೊಟ್ಟೆ ಹೊರೆಯುವ ಕುಲದವರಲ್ಲ, ತಪ್ಪು ತಿಳೀಬೇಡಿ" ಅಂತ. ಆ ಒಂದು ಪದ ಜಾತಿ ಸರ್ಟಿಫಿಕೇಟು. ಪ್ಲೇಟು ಹುಡುಕುವವರು ಅದನ್ನು ಅಪರೂಪದ ಲೇಬಲ್ ಅಂತ ಖುಷಿಪಡುತ್ತಾರೆ. ನಾನು ಅದರಲ್ಲಿ ಓದೋದು ಬೇರೆ.

ಗೌಹರ್ ಜಾನ್ ಕೊನೆಗೆ ಬಂದಿದ್ದು ನಮ್ಮ ಮೈಸೂರಿಗೆ. 1928ರಲ್ಲಿ ನಾಲ್ವಡಿಯವರ ಆಸ್ಥಾನ ಸೇರಿದರು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ತನ್ನ ಹೆಸರನ್ನು ತಾನೇ ಕೂಗಿ ಹೇಳಿದ್ದಕ್ಕೆ ಇವತ್ತು ಉಳಿದಿದ್ದಾರೆ. ಮೈಸೂರು ಸಂಸ್ಥಾನ 1909ರಲ್ಲೇ ದೇವಸ್ಥಾನಗಳ ದೇವದಾಸಿ ಸೇವೆ ನಿಲ್ಲಿಸಿತು. ಆದರೆ ನಮ್ಮ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವುದನ್ನು ತಡೆಯಲು ಕರ್ನಾಟಕದಲ್ಲಿ 1982ರಲ್ಲಿ ಮತ್ತೆ ಕಾನೂನು ಮಾಡಬೇಕಾಯಿತು. ಸಂಗೀತ ಸಭೆಗೆ ಹೋಯಿತು, ಕಳಂಕ ಕೇರಿಯಲ್ಲೇ ಉಳಿಯಿತು.

ಇದನ್ನೆಲ್ಲ ನನಗೆ ಅರ್ಥ ಮಾಡಿಸಿದ್ದು ಅಮೆರಿಕದ ಕರಿಯರ ಸೋಲ್ ಸಂಗೀತ. ಬಾಬಾಸಾಹೇಬರು 1946ರಲ್ಲೇ ಡುಬಾಯ್ಸ್ ಅವರಿಗೆ ಪತ್ರ ಬರೆದು ನಮ್ಮಿಬ್ಬರ ಸ್ಥಿತಿಗಿರುವ ಹೋಲಿಕೆ ಹೇಳಿದ್ದರು. ಮುಂಬೈನ ಹುಡುಗರು 1972ರಲ್ಲಿ ದಲಿತ ಪ್ಯಾಂಥರ್ ಅಂತ ಹೆಸರಿಟ್ಟುಕೊಂಡಿದ್ದೂ ಅಲ್ಲಿಂದಲೇ. ಮೆಂಫಿಸ್ ನಗರದಲ್ಲಿ ಸ್ಟಾಕ್ಸ್ ಎಂಬ ಪ್ಲೇಟು ಕಂಪನಿ ಇತ್ತು. ಅದೇ ಊರಿನಲ್ಲಿ 1968ರ ಫೆಬ್ರವರಿ 1ರಂದು ಇಬ್ಬರು ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತರು. ಎಕೋಲ್ ಕೋಲ್, ರಾಬರ್ಟ್ ವಾಕರ್ ಅವರ ಹೆಸರು. 1,300 ಕಾರ್ಮಿಕರು "ನಾನೂ ಮನುಷ್ಯ" ಅಂತ ಬೋರ್ಡು ಹಿಡಿದು ಬೀದಿಗಿಳಿದರು. ಅವರ ಜೊತೆ ನಿಲ್ಲಲು ಬಂದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಏಪ್ರಿಲ್ 4ರಂದು ಕೊಂದರು. ಮ್ಯಾನ್‌ಹೋಲಿನಲ್ಲಿ ಸತ್ತ ನಮ್ಮವರ ಹೆಸರು ನಿಮಗೆ ಎಷ್ಟು ನೆನಪಿವೆ?

ಅದೇ 1968ರಲ್ಲಿ ಸ್ಟಾಕ್ಸ್ ಲೇಬಲ್ ಬದಲಾಯಿತು. ತಿಳಿನೀಲಿ ಲೇಬಲ್, ಮೇಲೆ ಪ್ಲೇಟುಗಳ ರಾಶಿಯ ಚಿತ್ರ ಇದ್ದರೆ ಮೊದಲಿನದು. ಹಳದಿ ಲೇಬಲ್, ಚಿಟಿಕೆ ಹೊಡೆಯುವ ಬೆರಳು ಇದ್ದರೆ ನಂತರದ್ದು. ಸಂಗ್ರಹ ಮಾಡುವವರಿಗೆ ಇದು ಬಣ್ಣದ ವ್ಯತ್ಯಾಸ. ಅದರ ಹಿಂದೆ ಇರೋದು ಸರಿಯಾಗಿ ಓದದೆ ಸಹಿ ಹಾಕಿದ ಒಂದು ಕರಾರು. ಅದರ ಪ್ರಕಾರ ಅಲ್ಲಿಯವರೆಗಿನ ಹಾಡುಗಳ ಮಾಸ್ಟರ್ ಟೇಪುಗಳ ಒಡೆತನ ಅಟ್ಲಾಂಟಿಕ್ ಎಂಬ ದೊಡ್ಡ ಕಂಪನಿಗೆ ಹೋಯಿತು. ಓದದೆ ಹೆಬ್ಬೆಟ್ಟು ಒತ್ತಿ ಜಮೀನು ಕಳಕೊಂಡವರ ಮೊಮ್ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಇಂಗ್ಲೆಂಡಿನ ಕಾರ್ಖಾನೆ ಊರುಗಳ ಹುಡುಗರು ಈ ಸೋಲ್ ಪ್ಲೇಟುಗಳಿಗೆ ಹುಚ್ಚು ಹಿಡಿದು ಕುಣಿದರು. ವಿಗನ್ ಕ್ಯಾಸಿನೊದಲ್ಲಿ 1973ರಿಂದ 1981ರವರೆಗೆ ರಾತ್ರಿಯಿಡೀ ಕುಣಿತ. ತಮ್ಮ ಬಳಿ ಇರುವ ಅಪರೂಪದ ಪ್ಲೇಟು ಬೇರೆಯವರಿಗೆ ಸಿಗದಿರಲಿ ಅಂತ ಕೆಲವು ಡಿಜೆಗಳು ಲೇಬಲ್ ಮೇಲೆ ಕಾಗದ ಅಂಟಿಸಿ ಸುಳ್ಳು ಹೆಸರು ಹೇಳುತ್ತಿದ್ದರು. ಪ್ರೀತಿಯಿಂದಲೇ ಮಾಡಿದ್ದಿರಬಹುದು, ಆದರೆ ಹಾಡಿದವನ ಹೆಸರು ಅಲ್ಲೂ ಮುಚ್ಚಿಹೋಯಿತು. ಫ್ರಾಂಕ್ ವಿಲ್ಸನ್ ಎಂಬ ಗಾಯಕನ 1965ರ ಒಂದು ಪ್ಲೇಟು, ಉಳಿದಿರುವುದು ಬೆರಳೆಣಿಕೆ, 2009ರಲ್ಲಿ 25,000 ಪೌಂಡಿಗೂ ಹೆಚ್ಚಿಗೆ ಮಾರಾಟವಾಯಿತು. ಹಳೆ ಪ್ಲೇಟು ಕೈಬದಲಾದಾಗ ಹಾಡಿದವರಿಗೆ ಒಂದು ಪೈಸೆಯೂ ಬರೋದಿಲ್ಲ.

ನಮ್ಮ ಹಾಡು ಎಲ್ಲಿದೆ? ಆ ಗೋಣಿಚೀಲದಲ್ಲಿ ಹುಡುಕಿದೆ. ಸಿನಿಮಾ ಇತ್ತು, ನಾಟಕ ಇತ್ತು, ಭಕ್ತಿಗೀತೆ ಇತ್ತು. ತಮಟೆ ಇರಲಿಲ್ಲ. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಅಂದಿದ್ದಕ್ಕೆ ಊರೂರಲ್ಲಿ ಹೊಡೆದಾಟವಾಯಿತು, ಅವರು ಮಂತ್ರಿಗಿರಿ ಬಿಡಬೇಕಾಯಿತು. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದವರೂ ಅವರೇ. ಆ ಸಿಟ್ಟಿನಿಂದಲೇ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಸಂಸ ಕಟ್ಟಿಕೊಂಡಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಆ ಹಾಡುಗಳು ಬಾಯಿಂದ ಬಾಯಿಗೆ, ಜಾಥಾದಿಂದ ಕೇರಿಗೆ ಹೋದವು. ಆಮೇಲೆ ಯಾರೋ ಒಬ್ಬರು ಟೇಪ್ ರೆಕಾರ್ಡರ್ ತಂದರು, ಖಾಲಿ ಕ್ಯಾಸೆಟ್ಟಿಗೆ ಹಿಡಿದರು, ಅದರಿಂದ ಇನ್ನೊಂದು, ಇನ್ನೊಂದರಿಂದ ಮತ್ತೊಂದು.

ಆ ಕ್ಯಾಸೆಟ್ಟುಗಳಿಗೆ ಲೇಬಲ್ ಇಲ್ಲ, ಕೊರೆದ ಸಂಖ್ಯೆ ಇಲ್ಲ. ಆದರೂ ಗುರುತು ಹಿಡಿಯಬಹುದು. ನನ್ನ ಬಳಿ ಒಂದೇ ಹಾಡಿನ ಮೂರು ಕ್ಯಾಸೆಟ್ ಇವೆ. ಒಂದರಲ್ಲಿ ಹಾಡಿಗೆ ಮುಂಚೆ ಯಾರೋ "ಮೈಕ್ ಆನ್ ಆಗಿದೆಯಾ ನೋಡಣ್ಣ" ಅನ್ನುತ್ತಾರೆ. ಎರಡನೆಯದರಲ್ಲೂ ಅದೇ ಮಾತಿದೆ, ಆದರೆ ಗುಂಯ್ ಅನ್ನುವ ಸದ್ದು ಜಾಸ್ತಿ. ಅದು ನಕಲು. ಮೂರನೆಯದರಲ್ಲಿ ಒಂದು ಮಗು ಅಳುತ್ತೆ, ತಮಟೆ ಹತ್ತಿರ ಕೇಳಿಸುತ್ತೆ. ಅದು ಬೇರೆ ಊರು, ಬೇರೆ ರಾತ್ರಿ. ಯಾವ ಊರು? ಹಾಡಿದವರು ಯಾರು? ಹೇಳಬಲ್ಲವರಿಗೆ ಈಗ ವಯಸ್ಸಾಗಿದೆ. ಸಿದ್ಧಲಿಂಗಯ್ಯನವರೂ 2021ರಲ್ಲಿ ಹೊರಟುಹೋದರು.

ಅದಕ್ಕೇ ಕೇಳ್ತಿರೋದು. ಅಟ್ಟದ ಮೇಲೆ, ಟ್ರಂಕಿನಲ್ಲಿ ಹಳೆ ಕ್ಯಾಸೆಟ್ ಇದ್ದರೆ ಗುಜರಿಗೆ ಹಾಕಬೇಡಿ. ಡಬ್ಬಿ, ಒಳಗಿನ ಚೀಟಿ, ಅದರ ಮೇಲಿನ ಪೆನ್ನಿನ ಬರಹ ಏನನ್ನೂ ಬಿಸಾಡಬೇಡಿ, ಫೋಟೊ ತೆಗೆದಿಡಿ. ಅಪ್ಪನ ಹತ್ತಿರ, ಅಕ್ಕನ ಹತ್ತಿರ ಕೂತು ಕೇಳಿಸಿ. ಯಾವ ಊರು, ಯಾವ ವರ್ಷ, ಹಾಡಿದವರು ಯಾರು, ತಮಟೆ ಬಡಿದವರು ಯಾರು ಅಂತ ಬರೆದಿಡಿ. ಅದರಲ್ಲೂ ಹಿಂದೆ ದನಿಗೂಡಿಸಿದ ಹೆಣ್ಣುಮಕ್ಕಳ ಹೆಸರು ಮರೆಯದೇ ಕೇಳಿ.

ನನ್ನ ಮೂರನೇ ಕ್ಯಾಸೆಟ್ಟಿನಲ್ಲಿ ಅಳುವ ಆ ಮಗು ಈಗ ನಲವತ್ತು ದಾಟಿರಬೇಕು. ಯಾರಿಗೆ ಗೊತ್ತು, ಈ ಪೋಸ್ಟ್ ಓದುತ್ತಿರುವ ನಿಮ್ಮಲ್ಲೇ ಒಬ್ಬರಿರಬಹುದು.

ಜೈಭೀಮ್.