ದಸರಾ ಸಭೆಗೆ ಹೊರಟ ತಾಲೂಕುಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ಹೆಸರುಗಳನ್ನು ಒಟ್ಟಿಗೇ ಹೇಳುವುದು ನಮ್ಮ ಕಡೆ ರೂಢಿ. ಕಂದಾಯ ಇಲಾಖೆಗೆ ಇದು ಮಧುಗಿರಿ ಉಪವಿಭಾಗ, ಶಿಕ್ಷಣ ಇಲಾಖೆಗೆ ಮಧುಗಿರಿ ಶೈಕ್ಷಣಿಕ ಜಿಲ್ಲೆ, ಪ್ರತ್ಯೇಕ ಜಿಲ್ಲೆ ಬೇಕೆನ್ನುವವರಿಗೆ ಇನ್ನೂ ಹುಟ್ಟದ ಮಧುಗಿರಿ ಜಿಲ್ಲೆ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಏಳು ಹೊಸ ಜಿಲ್ಲೆಗಳನ್ನು ಮಾಡಿತು. ಆಮೇಲೆ ರಾಮನಗರ, ಚಿಕ್ಕಬಳ್ಳಾಪುರ, ಯಾದಗಿರಿ, ವಿಜಯನಗರ ಬಂದವು. ಮಧುಗಿರಿಯ ಸರದಿ ಬರಲಿಲ್ಲ. 1964ರ ಭೂಕಂದಾಯ ಕಾಯಿದೆಯ ಪ್ರಕಾರ ಜಿಲ್ಲೆ ಮಾಡುವ ಅಧಿಕಾರ ರಾಜ್ಯ ಸರ್ಕಾರದ್ದು. ಸ್ಥಳೀಯರು ನಿರ್ಣಯ ಮಾಡಬಹುದು, ಮನವಿ ಕೊಡಬಹುದು, ಒಂದು ದಿನ ಅಂಗಡಿ ಮುಚ್ಚಬಹುದು. ಅಷ್ಟೆ.

ಜಿಲ್ಲೆ ಆಗಬೇಕೋ ಬೇಡವೋ ಎಂಬುದು ಈ ಬರಹದ ವಿಷಯವಲ್ಲ. ನನ್ನನ್ನು ಕಾಡುತ್ತಿರುವುದು ಅದರ ಹಿಂದಿರುವ ಪ್ರಶ್ನೆ. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಒಂದು ಕಾನೂನು ತಯಾರಾಗುತ್ತಿದೆ ಎಂಬುದು ಒಂದು ತಾಲೂಕಿಗೆ ಯಾವಾಗ ಗೊತ್ತಾಗುತ್ತದೆ? ಗೊತ್ತಾದ ಮೇಲೆ ಅದಕ್ಕೆ ಏನಾದರೂ ಹೇಳಲು ದಾರಿ ಇದೆಯೇ? ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ಬಗ್ಗೆ ಸಂಶೋಧನೆ ಮಾಡುತ್ತಿರುವುದರಿಂದ ಈ ಪ್ರಶ್ನೆಗೆ ನಾನು ಉತ್ತರ ಹುಡುಕಿದ್ದು ಹಳೆಯ ಕಾಗದಗಳಲ್ಲಿ. ಉತ್ತರ ಪೂರ್ತಿ ಹಳೆಯದೇನೂ ಅಲ್ಲ.

1881ರ ಮಾರ್ಚಿನಲ್ಲಿ ಮೈಸೂರು ಮತ್ತೆ ಒಡೆಯರ ಕೈಗೆ ಬಂತು. ಅದೇ ವರ್ಷ ದಿವಾನ್ ಸಿ. ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, ಮೈಸೂರಿನಲ್ಲಿ 144 ಮಂದಿ ಸೇರಿದರು. ಅವರನ್ನು ಆರಿಸಿದವರು ಯಾರು ಎಂಬುದು ನಮಗೆ ಮುಖ್ಯ. ಆಗ ಜಿಲ್ಲೆಗಳಲ್ಲಿ ಲೋಕಲ್ ಫಂಡ್ ಬೋರ್ಡುಗಳಿದ್ದವು. ಕಂದಾಯದ ಮೇಲೆ ಹಾಕಿದ ಸಣ್ಣ ಕರದ ಹಣದಲ್ಲಿ ರಸ್ತೆ, ಛತ್ರ, ಶಾಲೆಗಳನ್ನು ನೋಡಿಕೊಳ್ಳುತ್ತಿದ್ದ ಮಂಡಳಿಗಳು ಅವು. ಪ್ರತಿ ತಾಲೂಕಿನಿಂದ ಒಬ್ಬಿಬ್ಬರು ಜಮೀನುಳ್ಳ ರೈತರನ್ನು, ಜಿಲ್ಲೆಗೆ ಮೂರ್ನಾಲ್ಕು ಮಂದಿ ವರ್ತಕರನ್ನು ಆರಿಸಿ ಕಳಿಸುವ ಕೆಲಸ ಈ ಬೋರ್ಡುಗಳ ಪಾಲಿಗೆ ಬಂತು. ಹೀಗೆ ಜಿಲ್ಲೆಯ ಸ್ಥಳೀಯ ಮಂಡಳಿಯೊಂದು ಸಂಸ್ಥಾನದ ಸರ್ಕಾರದ ಮುಂದೆ ತನ್ನ ಜನರನ್ನು ಕೂರಿಸಿದ್ದು ನಮ್ಮ ಸೀಮೆಯಲ್ಲಿ ಅದೇ ಮೊದಲು.

ಮೈಸೂರಿಗೆ ಹೋಗುವುದೇ ಒಂದು ಸಾಹಸವಾಗಿತ್ತು. 1881ರ ಅಕ್ಟೋಬರಿನಲ್ಲಿ ಮೈಸೂರಿಗೆ ರೈಲು ಇನ್ನೂ ತಲುಪಿರಲಿಲ್ಲ, ಅದು ತಲುಪಿದ್ದು ಮರುವರ್ಷ. ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. (ಪಾವಗಡ, ಮಧುಗಿರಿ, ಕೊರಟಗೆರೆಗಳನ್ನು ಹಾದುಹೋಗಬೇಕಾದ ರಾಯದುರ್ಗ–ತುಮಕೂರು ಮಾರ್ಗಕ್ಕೆ ಮಂಜೂರಾತಿ ಸಿಕ್ಕಲು 21ನೆಯ ಶತಮಾನವೇ ಬರಬೇಕಾಯಿತು.) ಪಾವಗಡದ ಸ್ಥಿತಿ ಇನ್ನೂ ವಿಚಿತ್ರ. ತುಮಕೂರು ಜಿಲ್ಲೆಯ ಉಳಿದ ಭಾಗಕ್ಕೂ ಅದಕ್ಕೂ ನಡುವೆ ಮಡಕಶಿರಾ ಸೀಮೆ ಬರುತ್ತದೆ. ಈಗ ಅದು ಆಂಧ್ರ, ಆಗ ಮದ್ರಾಸ್ ಪ್ರಾಂತ್ಯ. 1881ರಲ್ಲಿ ಪಾವಗಡ ಚಿತ್ರದುರ್ಗದ ಲೆಕ್ಕದಲ್ಲಿತ್ತು, ತುಮಕೂರಿಗೆ ಸೇರಿದ್ದು ಆಮೇಲೆ. ಕೊರಟಗೆರೆ ಕೆಲಕಾಲ ತಾಲೂಕಿನ ದರ್ಜೆ ಕಳೆದುಕೊಂಡು ಮಧುಗಿರಿಯ, ಆಗಿನವರ ಬಾಯಲ್ಲಿ ಮದ್ದಗಿರಿಯ, ಉಪತಾಲೂಕಾಗಿತ್ತು. ಇವೆಲ್ಲ ನಕ್ಷೆ ಬರೆಯುವವರಿಗೆ ಮಾತ್ರ ಬೇಕಾದ ವಿವರ ಎನಿಸಬಹುದು. ಆದರೆ ಪ್ರತಿನಿಧಿಗಳನ್ನು ತಾಲೂಕುವಾರು ಆರಿಸುತ್ತಿದ್ದ ಕಾಲದಲ್ಲಿ ತಾಲೂಕಿನ ಗಡಿಯೇ ದನಿಯ ಗಡಿಯೂ ಆಗಿತ್ತು.

ಆ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ದಿವಾನರು ವರ್ಷದ ಆಡಳಿತದ ವರದಿ ಓದುತ್ತಿದ್ದರು, ಮುಂದೆ ಏನು ಮಾಡಬೇಕೆಂದಿದ್ದೇವೆ ಎಂದು ಹೇಳುತ್ತಿದ್ದರು, ಸದಸ್ಯರು ಎದ್ದು ತಮ್ಮ ಊರಿನ ಅಹವಾಲು ಹೇಳುತ್ತಿದ್ದರು. ನಡಾವಳಿಯ ಮುದ್ರಿತ ಸಂಪುಟಗಳನ್ನು ತೆರೆದರೆ ಕಾಣುವುದು ಇದೇ: ವಿಷಯ, ಸದಸ್ಯರ ಹೆಸರು, ತಾಲೂಕು, ಕೋರಿಕೆ, ಸರ್ಕಾರದ ಉತ್ತರ. ಕೆರೆ ದುರಸ್ತಿ, ಅರಣ್ಯ ಇಲಾಖೆಯ ಕಾಟ, ಅಬಕಾರಿ, ಕಂದಾಯದ ಕಂತು. ಉತ್ತರಗಳಲ್ಲಿ ಹೆಚ್ಚಿನವು ಇವತ್ತಿನ ಸರ್ಕಾರಿ ಪತ್ರಗಳ ಅಜ್ಜಂದಿರು, ‘ಪರಿಶೀಲಿಸಲಾಗುವುದು’ ಎಂಬ ಜಾತಿಯವು. ಹಾಗಿದ್ದೂ ಒಂದು ಲಾಭವಿತ್ತು. ಮುಂದೆ ಯಾವ ಕಾನೂನು ಬರಲಿದೆ ಎಂಬ ಸುದ್ದಿ ವರ್ಷಕ್ಕೊಮ್ಮೆಯಾದರೂ ತಾಲೂಕಿಗೆ ಹಿಂದಿರುಗುತ್ತಿತ್ತು, ಅದೂ ಅಮಲ್ದಾರರ ಬಾಯಿಂದಲ್ಲ, ಊರಿನವನೇ ಒಬ್ಬನ ಬಾಯಿಂದ.

ಆದರೆ ಆ ಸಭೆಯ ಕೈಗೆಟುಕದ ವಿಷಯಗಳೂ ಇದ್ದವು. 1892ರ ಫೆಬ್ರುವರಿಯಲ್ಲಿ ಮೈಸೂರು ಮತ್ತು ಮದ್ರಾಸ್ ಸರ್ಕಾರಗಳ ನಡುವೆ ನದಿ ನೀರಿನ ಒಪ್ಪಂದವಾಯಿತು. ಕಾವೇರಿಯ ಜಗಳದಲ್ಲಿ ಇದರ ಹೆಸರು ಎಲ್ಲರೂ ಕೇಳಿದ್ದಾರೆ. ಆ ಒಪ್ಪಂದದ ಪಟ್ಟಿಯಲ್ಲಿ 15 ಮುಖ್ಯ ನದಿಗಳಿವೆ, ಅವುಗಳಲ್ಲಿ ಒಂದು ಉತ್ತರ ಪಿನಾಕಿನಿ ಎಂಬುದನ್ನು ನೆನಪಿಡುವವರು ಕಡಿಮೆ. ಕೊರಟಗೆರೆ, ಮಧುಗಿರಿಗಳ ಜಯಮಂಗಲಿ ಹೋಗಿ ಸೇರುವುದು ಅದನ್ನೇ. ಪಾವಗಡದ ನಾಗಲಮಡಿಕೆಯ ಬಳಿ ಹರಿಯುವುದೂ ಅದೇ. ಪಟ್ಟಿಯಲ್ಲಿರುವ ನದಿಗಳ ಮೇಲೆ ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟುವಂತಿರಲಿಲ್ಲ. ಮಳೆ ನಂಬಿ ಬದುಕುವ, ಕೆರೆಯೇ ಆಸ್ತಿಯಾದ ತಾಲೂಕುಗಳಿಗೆ ಇದಕ್ಕಿಂತ ದೊಡ್ಡ ಕಾನೂನು ಆ ಕಾಲದಲ್ಲಿ ಇನ್ನೊಂದಿರಲಿಲ್ಲ. ಮೇಲೆ ಸಾಮ್ರಾಜ್ಯ, ಪಕ್ಕದಲ್ಲಿ ಮದ್ರಾಸು, ನಡುವೆ ದಿವಾನರು. ಇಂಥ ಒಪ್ಪಂದವನ್ನು ತಡೆಯುವ ಅಥವಾ ತಿದ್ದುವ ಯಾವ ಅಧಿಕಾರವೂ ಪ್ರಜಾಪ್ರತಿನಿಧಿ ಸಭೆಗೆ ಇರಲಿಲ್ಲ. ಕೆರೆಯ ಹೂಳಿನ ಬಗ್ಗೆ ಮಾತಾಡಬಹುದಿತ್ತು, ಕೆರೆಗೆ ಬರುವ ಹೊಳೆಯ ಬಗ್ಗೆ ತೀರ್ಮಾನ ಬೇರೆಡೆ ಆಗುತ್ತಿತ್ತು.

1891ರಲ್ಲಿ ಸದಸ್ಯರನ್ನು ಚುನಾಯಿಸುವ ಪದ್ಧತಿ ಬಂತು. 1907ರಲ್ಲಿ ಕಾನೂನು ಮಾಡಲೆಂದೇ ವಿಧಾನ ಪರಿಷತ್ತು ಹುಟ್ಟಿತು, ಅದಕ್ಕೆ ಕೆಲವರನ್ನು ಆರಿಸಿ ಕಳಿಸುವ ಹಕ್ಕು ಪ್ರಜಾಪ್ರತಿನಿಧಿ ಸಭೆಗೆ ಸಿಕ್ಕಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ದಸರಾ ಅಧಿವೇಶನದ ಜೊತೆಗೆ ಮಹಾರಾಜರ ಹುಟ್ಟುಹಬ್ಬದ ಹೊತ್ತಿನಲ್ಲಿ ಎರಡನೆಯ ಅಧಿವೇಶನ ಶುರುವಾಯಿತು. ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1923. ಬ್ರಜೇಂದ್ರನಾಥ ಸೀಲ್ ಸಮಿತಿಯ ಶಿಫಾರಸಿನ ನಂತರ ಆ ವರ್ಷ ಸಭೆಗೆ ಶಾಸನದ ಆಧಾರ ಸಿಕ್ಕಿತು. ತುರ್ತು ಸಂದರ್ಭ ಬಿಟ್ಟರೆ, ಯಾವುದೇ ಮಸೂದೆಯನ್ನು ವಿಧಾನ ಪರಿಷತ್ತಿನಲ್ಲಿ ಮಂಡಿಸುವ ಮೊದಲು ಅದರ ಮೂಲತತ್ತ್ವದ ಬಗ್ಗೆ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯ ಕೇಳಬೇಕು. ಹೊಸ ತೆರಿಗೆ ಹಾಕುವ ಮುನ್ನವೂ ಕೇಳಬೇಕು. ಕೇಳಿದ್ದನ್ನು ಸರ್ಕಾರ ಒಪ್ಪಲೇಬೇಕೆಂದಿರಲಿಲ್ಲ. ಆದರೆ ಕೇಳಲೇಬೇಕಿತ್ತು.

ಇದರ ತೂಕ ತಿಳಿಯಬೇಕಾದರೆ 1933ರ ಹಿಂದೂ ಕಾನೂನಿನ ಮಹಿಳಾ ಹಕ್ಕುಗಳ ಕಾಯಿದೆಯನ್ನು ನೋಡಬೇಕು. ಹೆಣ್ಣಿಗೆ, ಅದರಲ್ಲೂ ವಿಧವೆಗೆ, ಕುಟುಂಬದ ಆಸ್ತಿಯಲ್ಲಿ ಹಕ್ಕು ಕೊಟ್ಟ ಕಾಯಿದೆ ಅದು. ಬ್ರಿಟಿಷ್ ಇಂಡಿಯಾ ಆ ದಿಕ್ಕಿನಲ್ಲಿ ಹೆಜ್ಜೆ ಇಟ್ಟದ್ದು ನಾಲ್ಕು ವರ್ಷ ತಡವಾಗಿ, 1937ರಲ್ಲಿ. ಮನೆಯೊಳಗೆ ಕೈಹಾಕುವ ಇಂಥ ಕಾನೂನಿನ ತತ್ತ್ವವನ್ನು ಮೊದಲು ಹೊಲ–ತೋಟದ ಒಡೆಯರಾದ ತಾಲೂಕಿನ ಪ್ರತಿನಿಧಿಗಳ ಮುಂದೆ ಇಡಬೇಕಿತ್ತು. ಅವರ ಬೈಗುಳ ಕೇಳಿಸಿಕೊಂಡಾದರೂ ಮುಂದೆ ಹೋಗಬೇಕಿತ್ತು.

ಇಲ್ಲಿ ಒಂದು ಮಾತು ಹೇಳದಿದ್ದರೆ ನಾನು ಹಳೆಯ ಮೈಸೂರಿನ ಭಜನೆ ಮಾಡಿದಂತಾಗುತ್ತದೆ. ಸಭೆಯಲ್ಲಿ ‘ಪಾವಗಡ’ ಎಂದು ಮಾತಾಡಿದವರು ಪಾವಗಡದ ಕಂದಾಯ ಕಟ್ಟುವವರು. ಮತದಾನದ ಹಕ್ಕು ನಿಂತಿದ್ದುದು ಕಂದಾಯ, ಆಸ್ತಿ, ಪದವಿಗಳ ಮೇಲೆ. ಕೂಲಿಯವರು, ಜಮೀನಿಲ್ಲದ ದಲಿತರು, ಬಹುಪಾಲು ಹೆಂಗಸರು ಆ ಲೆಕ್ಕದಲ್ಲೇ ಇರಲಿಲ್ಲ. 1949ರಲ್ಲಿ ಸಭೆ ಮುಗಿದು, ವಯಸ್ಕರೆಲ್ಲರ ಮತದಿಂದ ಶಾಸಕರು ಬಂದಾಗ ಆ ಕೂಲಿಯವರಿಗೂ ದನಿ ಬಂತು. ಅದು ದೊಡ್ಡ ಗೆಲುವು. ಅದೇ ಹೊತ್ತಿಗೆ, ಮಸೂದೆಗೆ ಮೊದಲು ತಾಲೂಕಿನವರನ್ನು ಕೇಳಬೇಕೆಂಬ ಕಟ್ಟುಪಾಡು ಸದ್ದಿಲ್ಲದೆ ಹೋಯಿತು. ಶಾಸಕರಿದ್ದಾರಲ್ಲ, ಇನ್ನೇನು ಬೇಕು ಎಂಬುದು ಅದರ ಹಿಂದಿನ ತರ್ಕ.

1959ರ ಕಾಯಿದೆಯ ತಾಲೂಕು ಬೋರ್ಡುಗಳನ್ನು ಬೇಗ ದಾಟೋಣ. ಆಗಿನ ಜಿಲ್ಲಾ ಅಭಿವೃದ್ಧಿ ಪರಿಷತ್ತು ಸಲಹೆ ಕೊಡುವ ಸಂಸ್ಥೆ ಮಾತ್ರ. ಅಬ್ದುಲ್ ನಜೀರ್ ಸಾಬರ ಕಾಲಕ್ಕೆ ಬಂದರೆ ಬೇರೆಯೇ ಗಾಳಿ. 1983ರ ಪಂಚಾಯತ್ ಕಾನೂನಿಗೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಜಿಲ್ಲೆಗೆ ಅಧಿಕಾರ ಕೊಡುವ ಕಾನೂನೇ ದೆಹಲಿಯ ಮೇಜಿನ ಮೇಲೆ ಕಾದು ಕೂತಿತ್ತು! ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಆ ಪರಿಷತ್ತುಗಳು ಐದು ವರ್ಷ ಬದುಕಿದವು. ಆಮೇಲೆ 73ನೆಯ ತಿದ್ದುಪಡಿ, 1993ರ ಪಂಚಾಯತ್ ರಾಜ್ ಕಾಯಿದೆ.

ಈ ಕಾಯಿದೆಯ ಪ್ರಕಾರ ಸಂಸದರೂ ಶಾಸಕರೂ ಜಿಲ್ಲಾ ಪಂಚಾಯಿತಿಯ ಸದಸ್ಯರೇ. ಕಾಗದದ ಮೇಲೆ ನೋಡಿದರೆ ಇದು ಒಳ್ಳೆಯ ವ್ಯವಸ್ಥೆ. ಕಾನೂನು ಮಾಡುವವರು, ಅದರ ಬಿಸಿ ತಟ್ಟುವವರು ಒಂದೇ ಕೋಣೆಯಲ್ಲಿ. ಆದರೆ ಸಾಮಾನ್ಯ ಸಭೆಯಲ್ಲಾಗಲಿ, ಉಸ್ತುವಾರಿ ಸಚಿವರ ಕೆಡಿಪಿ ಸಭೆಯಲ್ಲಾಗಲಿ ಚರ್ಚೆ ನಡೆಯುವುದು ಕೊಳವೆಬಾವಿ, ಟ್ಯಾಂಕರ್, ಬಾಕಿ ಬಿಲ್ಲುಗಳ ಬಗ್ಗೆ. ಆಗಿಹೋದ ಯೋಜನೆಯ ಲೆಕ್ಕ ಅಲ್ಲಿ ಬರುತ್ತದೆ, ಬರಲಿರುವ ಮಸೂದೆ ಬರುವುದಿಲ್ಲ. ನಮ್ಮ ಕಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ ಒಬ್ಬರನ್ನು ಕೇಳಿದೆ: ಯಾವುದಾದರೂ ಕಾನೂನಿನ ಕರಡು ನಿಮ್ಮ ಅಭಿಪ್ರಾಯಕ್ಕೆಂದು ಬಂದದ್ದಿದೆಯೇ? ಅವರು ನಕ್ಕರು. “ಸುತ್ತೋಲೆ ಬರುತ್ತೆ ಮೇಡಂ, ಕರಡು ಯಾಕೆ ಬರುತ್ತೆ?”

ಕೇಂದ್ರ ಸರ್ಕಾರ 2014ರಲ್ಲಿ ಒಂದು ನೀತಿ ಮಾಡಿಕೊಂಡಿದೆ. ಮಸೂದೆಯ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು ಎಂಬುದು ಅದರ ಸಾರ. ಅದು ನೀತಿ, ಶಾಸನವಲ್ಲ. ಮುಂದಿಟ್ಟರೂ ಯಾವ ಭಾಷೆಯಲ್ಲಿ? ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆ ಇಂಗ್ಲಿಷ್, ಹಿಂದಿಗಳಲ್ಲಷ್ಟೇ ಬಂದಾಗ, ಅದನ್ನು ಎಂಟನೆಯ ಅನುಸೂಚಿಯ 22 ಭಾಷೆಗಳಿಗೆ ಅನುವಾದಿಸಿ ಎಂದು 2020ರ ಜೂನಿನಲ್ಲಿ ದೆಹಲಿ ಹೈಕೋರ್ಟೇ ಹೇಳಬೇಕಾಯಿತು. ದಸರಾ ಸಭೆಯ ಮಾತುಕತೆಯಾದರೂ ಬಹುಪಾಲು ಕನ್ನಡದಲ್ಲೇ ನಡೆಯುತ್ತಿತ್ತು.

ಹೀಗೆ ಕೇಳದೆ ಬಂದ ತೀರ್ಮಾನದ ಫಲ ನೋಡಬೇಕಾದರೆ ಪಾವಗಡದ ತಿರುಮಣಿ, ವಳ್ಳೂರು ಕಡೆ ಹೋಗಬೇಕು. 2014ರ ಕೊನೆಗೆ ಕೇಂದ್ರದ ಸೋಲಾರ್ ಪಾರ್ಕ್ ಯೋಜನೆ, ಅದೇ ವರ್ಷ ರಾಜ್ಯದ ಸೌರನೀತಿ. ಅದರಿಂದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಪಾರ್ಕ್ ಎದ್ದಿತು. ಜಮೀನು ಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಬರ ಕಂಡ ರೈತರಿಗೆ ಅದು ಕೆಟ್ಟ ಒಪ್ಪಂದವೇನಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಮಾತುಕತೆ ನಡೆದದ್ದು ಪಹಣಿಯಲ್ಲಿ ಹೆಸರಿದ್ದವರ ಜೊತೆ. ಅದೇ ಹೊಲಗಳಲ್ಲಿ ಕಳೆ ತೆಗೆದು, ಕಡಲೆಕಾಯಿ ಕಿತ್ತು, ಅಲ್ಲೇ ಕುರಿ ಮೇಯಿಸಿ ಬದುಕಿದವರಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. 1881ರಲ್ಲಿ ಪ್ರತಿನಿಧಿಯಾಗಲು ಇದ್ದ ಅರ್ಹತೆಯೂ ಜಮೀನೇ ಆಗಿತ್ತು.

ಜಿಲ್ಲೆಯ ಸ್ಥಳೀಯ ಸಂಸ್ಥೆಗಳಿಗೆ ಕಾನೂನಿನ ಮನೆಯೊಳಗೆ ಇವತ್ತಿಗೂ ಉಳಿದಿರುವ ನೇರ ಬಾಗಿಲು ಒಂದೇ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25ನ್ನು ಸಂವಿಧಾನದ 171ನೆಯ ವಿಧಿಯ ಪ್ರಕಾರ ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. ತುಮಕೂರಿಗೂ ಒಂದು ಸ್ಥಾನವಿದೆ. ಲೋಕಲ್ ಫಂಡ್ ಬೋರ್ಡು ಮೈಸೂರಿಗೆ ಕಳಿಸಿದ ಆ ರೈತನ ದೂರದ ವಾರಸುದಾರ ಎಂದರೆ ಈ ಸದಸ್ಯರೇ. ಅವರ ಚುನಾವಣೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರನ್ನು ಹೇಗೆಲ್ಲ ‘ವಿಚಾರಿಸಿಕೊಳ್ಳುತ್ತಾರೆ’ ಎಂಬುದು ಹಳ್ಳಿಗಳಲ್ಲಿ ಗುಟ್ಟಲ್ಲ. ಯಾವ ಮಸೂದೆಯ ಬಗ್ಗೆ ಏನು ಹೇಳುತ್ತೀರಿ ಎಂದು ಮತ ಕೇಳಲು ಬಂದವರನ್ನು ಪ್ರಶ್ನಿಸಿದ ಪಂಚಾಯಿತಿಯನ್ನು ನಾನಿನ್ನೂ ಕಂಡಿಲ್ಲ.

ಆ ಸ್ಥಾನಗಳಿಗೆ 2021ರ ಡಿಸೆಂಬರ್ 10ರಂದು ಮತದಾನ ನಡೆಯಿತು. 2016ರಲ್ಲಿ ಆರಿಸಿಬಂದಿದ್ದ ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗಳ ಅವಧಿ ಆ ವರ್ಷದ ನಡುವಿಗೇ ಮುಗಿದಿತ್ತು. ಕ್ಷೇತ್ರ ವಿಂಗಡಣೆಯ ಹೆಸರಿನಲ್ಲಿ ಹೊಸ ಚುನಾವಣೆ ಮುಂದಕ್ಕೆ ಹೋಗಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಅಂದು ಸಾಲಿನಲ್ಲಿ ನಿಂತವರು ಗ್ರಾಮ ಪಂಚಾಯಿತಿಗಳ, ಪಟ್ಟಣಗಳ ಸದಸ್ಯರು. ತಾಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಕಡೆಯಿಂದ ಮತ ಹಾಕಲು ಸದಸ್ಯರೇ ಇರಲಿಲ್ಲ.