ಗಮನ ಎಲ್ಲಿಗೆ ಹೋಯಿತು?

ಮೈಸೂರು ರೈಲು ನಿಲ್ದಾಣದಲ್ಲಿ ಕೂತಿದ್ದೆ. ‘ಪ್ರಯಾಣಿಕರೇ, ದಯವಿಟ್ಟು ಗಮನಿಸಿ’ ಎಂದಿತು ಧ್ವನಿವರ್ಧಕ. ಎದುರಿಗಿದ್ದ ಫಲಕದಲ್ಲಿ ರೈಲುಗಳ ಆಗಮನ, ನಿರ್ಗಮನ. ಕಿವಿಗೆ ಬಿದ್ದ ಗಮನವೇ ಬೇರೆ, ಕಣ್ಣಿಗೆ ಬಿದ್ದದ್ದೇ ಬೇರೆ. ಒಂದು ನಿಂತು ಕೇಳು ಅನ್ನುತ್ತದೆ, ಇನ್ನೊಂದು ಹೊರಡು ಅನ್ನುತ್ತದೆ.

ಸಂಸ್ಕೃತದಲ್ಲಿ ಗಮನ ಅಂದರೆ ಹೋಗುವುದು. ‘ಗಮ್’ ಅದರ ಧಾತು. ಹಳೆಯ ಕಾವ್ಯಗಳ ಗಜಗಮನೆ, ಹಂಸಗಮನೆಯರು ನಡಿಗೆಯ ಚೆಂದಕ್ಕೆ ಹೆಸರಾದವರೇ ಹೊರತು ಪಾಠ ಗಮನವಿಟ್ಟು ಕೇಳಿದವರಲ್ಲ. ಅದೇ ಪ್ರಕಟಣೆ ಹಿಂದಿಯಲ್ಲಿ ಬಂದಾಗ ‘ಧ್ಯಾನ್’ ಕೊಡಿ ಎನ್ನುತ್ತದೆ. ಹೋಗುವ ಪದವನ್ನು ಮನಸ್ಸಿನ ಕೆಲಸಕ್ಕೆ ಹಚ್ಚಿದವರು ನಾವು, ತೆಲುಗರು. ತಮಿಳಿನ ‘ಗವನಂ’ ಕೂಡ ಇದರದೇ ಬಳಗ. ಮನಸ್ಸೂ ಹೋಗುತ್ತದಲ್ಲ, ಅದೇ ಜಾಡು ಹಿಡಿದಿರಬೇಕು: ‘ನನ್ನ ಮನಸ್ಸು ಅತ್ತ ಹೋಗಲೇ ಇಲ್ಲ’ ಅನ್ನುತ್ತೇವೆ. (‘ಕಣ್ಣು ಹೋಯಿತು’ ಅಂದರೆ ಮಾತ್ರ ಡಾಕ್ಟರ ಬಳಿ ಓಡಬೇಕು.) ಗಮನದ ಬಾಲದಲ್ಲೇ ‘ಮನ’ ಇದೆಯಲ್ಲ ಎಂದು ಗೆಳೆಯರೊಬ್ಬರು ಹಿಗ್ಗಿದರು. ಅದು ಅಕ್ಷರದ ಆಟ, ವ್ಯಾಕರಣ ಒಪ್ಪುವುದಿಲ್ಲ.

ಧ್ಯಾನದ ಗತಿ ಇನ್ನೂ ತಮಾಷೆ. ಕಣ್ಮುಚ್ಚಿ ಕೂರುವುದೂ ಧ್ಯಾನ. ಹಾಲು ಉಕ್ಕಿಸಿ ನಿಂತವರನ್ನು ಅಮ್ಮ ಗದರುವುದೂ ‘ಯಾವ ಧ್ಯಾನದಲ್ಲಿದ್ದೆ?’ ಎಂದೇ. ಹಾಗಾಗಿ ಈಗ ಜಿಮ್ಮುಗಳಲ್ಲಿ ಕೇಳಿಬರುವ ‘ಮೈಂಡ್‌ಫುಲ್’ ವ್ಯಾಯಾಮಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂದು ಯಾರಾದರೂ ಕೇಳಿದರೆ ನಾನು ಗಮನದ ಕಡೆಗೇ ವಾಲುತ್ತೇನೆ. ಅಲುಗಾಟ, ಅರಿವು ಎರಡೂ ಅದರ ಹೊಟ್ಟೆಯಲ್ಲೇ ಇವೆ.

ಮೈಸೂರಿಗೆ ಈ ಪಾಠ ಹೊಸದೂ ಅಲ್ಲ. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕೃಷ್ಣಮಾಚಾರ್ಯರು ಕಲಿಸುತ್ತಿದ್ದರು. ಅವರ ಶಿಷ್ಯ ಪಟ್ಟಾಭಿ ಜೋಯಿಸರಿಂದ ಅಷ್ಟಾಂಗ ಪದ್ಧತಿ ದೇಶದಾಚೆ ಹಬ್ಬಿತು. ಅದರ ಮೊದಲ ಸೂರ್ಯನಮಸ್ಕಾರಕ್ಕೆ 9 ವಿನ್ಯಾಸಗಳು. ‘ಏಕಂ’ ಅಂದರೆ ಉಸಿರೆಳೆದು ಕೈ ಮೇಲೆ, ‘ದ್ವೇ’ ಅಂದರೆ ಉಸಿರು ಬಿಡುತ್ತ ಬಾಗು. ಒಂದು ಚಲನೆಗೆ ಒಂದು ಉಸಿರು, ಕಣ್ಣಿಗೂ ಒಂದು ನೆಲೆ. ‘ಷಟ್’ ಬಂದಾಗ ಅಧೋಮುಖ ಶ್ವಾನಾಸನದಲ್ಲಿ 5 ಉಸಿರು ನಿಲ್ಲಬೇಕು. ನನಗೆ ಮೂರನೆಯದಕ್ಕೇ ಗ್ಯಾಸ್ ಬುಕ್ ಮಾಡಿದೆನೋ ಇಲ್ಲವೋ ಎಂಬ ಯೋಚನೆ. ಮೈ ಬಾಗಿದಂತೆಯೇ ಇರುತ್ತದೆ, ಗಮನ ಸಿಲಿಂಡರಿನ ಹಿಂದೆ ಹೊರಟಿರುತ್ತದೆ. ಸಂಸ್ಕೃತದ ಅರ್ಥ, ಕನ್ನಡದ ಅರ್ಥ, ಎರಡೂ ಸರಿ. ದಿಕ್ಕು ಮಾತ್ರ ಬೇರೆ.

ಗಮ್ ಧಾತುವಿನ ಇನ್ನೊಂದು ಕುಡಿ ಜಂಗಮ. ಸ್ಥಾವರಕ್ಕೆ ಎದುರಾಗಿ ನಿಂತು, ಅಲ್ಲ, ನಡೆದು, ವಚನಕಾರರ ಬಾಯಲ್ಲಿ ಬಲು ಎತ್ತರಕ್ಕೆ ಏರಿದ ಪದ. ನಮ್ಮ ಕಾಲ ಅದನ್ನು ಮೊಬೈಲಿಗೆ ಅಂಟಿಸಿ ‘ಜಂಗಮವಾಣಿ’ ಮಾಡಿತು. ಗಮನ ಕದಿಯುವ ಕಳ್ಳ ಮನೆಯವನೇ ಅಂದ ಹಾಗಾಯಿತು. ದಿನಕ್ಕೆ 10,000 ಹೆಜ್ಜೆ ಎಂದು ಅದು ಪೀಡಿಸುತ್ತದಲ್ಲ, ಆ ಲೆಕ್ಕ ಚಾಲ್ತಿಗೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದಿಂದ. ‘ಮಾನ್‌ಪೋ-ಕೇ’, ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂಬುದೇ ಅದರ ಹೆಸರು.

ಮೊನ್ನೆ ಜಂಗಮವಾಣಿಯನ್ನು ಊಟದ ಮೇಜಿನ ಮೇಲೆ ಸ್ಥಾವರ ಮಾಡಿ ಕುಕ್ಕರಹಳ್ಳಿ ಕೆರೆಗೆ ಹೋದೆ. ನನ್ನ ಎಡ ಹಿಮ್ಮಡಿ ಬಲದ್ದಕ್ಕಿಂತ ಜೋರಾಗಿ ನೆಲ ಗುದ್ದುತ್ತದೆ ಎಂಬುದು ಇಷ್ಟು ವರ್ಷ ನಡೆದ ಮೇಲೆ, ಏರಿಯ ಅರ್ಧ ದಾರಿಯಲ್ಲಿ, ಗೊತ್ತಾಯಿತು. ಆಮೇಲೆ ಹೆಗಲು ಸಡಿಲ ಬಿಟ್ಟೆ. ಸ್ವಲ್ಪ ಹೊತ್ತು ಎರಡೂ ಕಾಲು ಒಂದೇ ಸದ್ದು ಮಾಡಿದವು. ಬೆವರಿಕೊಂಡು ಮನೆಗೆ ಬಂದರೆ ಹೆಂಡತಿ ಫೋನು ಹಿಡಿದು ನಿಂತಿದ್ದಳು.

‘83 ಹೆಜ್ಜೆ ಅಂತ ತೋರಿಸ್ತಿದೆ. ಇವತ್ತು ವಾಕಿಂಗ್ ಹೋಗ್ಲೇ ಇಲ್ವಾ?’