ಒಡೆದ ಬಳೆಗಳಿಂದ ಅರಳಿದ ಉದ್ಯಾನ

ಮನೆಯಿಂದ ಹೊರಬಿದ್ದ ವಸ್ತುಗಳನ್ನು ಕಲಾಕೃತಿಯಾಗಿಸುವ ಸಾಮೂಹಿಕ ಪ್ರಯತ್ನಗಳಿಗೆ ಭಾರತದಲ್ಲಿರುವ ಬಹುದೊಡ್ಡ ನಿದರ್ಶನ ಚಂಡೀಗಢದ ರಾಕ್ ಗಾರ್ಡನ್. ಸುಖ್ನಾ ಸರೋವರದ ಸಮೀಪವಿರುವ ಈ ಶಿಲ್ಪೋದ್ಯಾನ ಒಬ್ಬ ವ್ಯಕ್ತಿಯ ಗುಪ್ತ ಕಾಯಕವಾಗಿ ಆರಂಭವಾಗಿ, ಕ್ರಮೇಣ ಇಡೀ ನಗರದ ಸ್ವತ್ತಾಯಿತು.

ಇದರ ನಿರ್ಮಾತೃ ನೇಕ್ ಚಂದ್ (1924–2015). ದೇಶ ವಿಭಜನೆಯ ವೇಳೆ ನಿರಾಶ್ರಿತರಾಗಿ ಭಾರತಕ್ಕೆ ಬಂದ ಅವರು, ಚಂಡೀಗಢದ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದರು. ಹೊಸ ನಗರಕ್ಕಾಗಿ ತೆರವುಗೊಂಡ ಹಳ್ಳಿಗಳ ಅವಶೇಷಗಳನ್ನು 1950ರ ದಶಕದ ಕೊನೆಯಿಂದ ಸೈಕಲ್‌ನಲ್ಲಿ ಹೊತ್ತು ತಂದು, ಸರ್ಕಾರಿ ಅರಣ್ಯ ಭೂಮಿಯಲ್ಲಿ ಶಿಲ್ಪಗಳನ್ನು ನಿಲ್ಲಿಸತೊಡಗಿದರು. 1970ರ ದಶಕದಲ್ಲಿ ವಿಷಯ ಬಯಲಾದಾಗ ಇದು ಅನಧಿಕೃತ ನಿರ್ಮಾಣವೆನಿಸಿತು. ಆದರೂ ಆಡಳಿತ ಅದನ್ನು ಕೆಡವದೆ, 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ನೇಕ್ ಚಂದ್ ಅವರಿಗೆ ವೇತನ ಹಾಗೂ 50 ಕಾರ್ಮಿಕರ ನೆರವನ್ನೂ ನೀಡಿತು. 1984ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ತಯಾರಿಕೆಯ ವಿಧಾನ ಸರಳವಾದುದು. ಕಬ್ಬಿಣದ ಸರಳು, ಕೊಳವೆ ಅಥವಾ ಹಳೆಯ ಸೈಕಲ್‌ನ ಭಾಗಗಳಿಂದ ಮೊದಲು ಅಸ್ಥಿಪಂಜರ ಸಿದ್ಧವಾಗುತ್ತದೆ. ಅದರ ಮೇಲೆ ಸಿಮೆಂಟು–ಮರಳಿನ ಗಾರೆ ಮೆತ್ತಿ, ಹಸಿ ಆರುವ ಮುನ್ನ ಬಳೆ ಚೂರು, ಒಡೆದ ಪಿಂಗಾಣಿ, ಗಾಜಿನ ತುಣುಕುಗಳನ್ನು ಒತ್ತಲಾಗುತ್ತದೆ. ಇಂಥ ಸಾಮಗ್ರಿಗಾಗಿ ನಗರದಲ್ಲಿ ಸಂಗ್ರಹ ಕೇಂದ್ರಗಳನ್ನೂ ತೆರೆಯಲಾಗಿತ್ತು. ಹೀಗಾಗಿ ಅಡುಗೆಮನೆಯಲ್ಲಿ ಒಡೆದ ಬಟ್ಟಲು ಉದ್ಯಾನದ ಗೋಡೆ ಸೇರುವುದು ಸಾಧ್ಯವಾಯಿತು.

ಈ ನಂಟು ಸಂಕಟದ ಕಾಲದಲ್ಲಿ ನೆರವಿಗೆ ಬಂದಿತು. 1990ರಲ್ಲಿ ರಸ್ತೆಗಾಗಿ ಬುಲ್ಡೋಜರ್‌ಗಳು ಬಂದಾಗ ನಾಗರಿಕರೇ ಅಡ್ಡ ನಿಂತು ತಡೆದರು. 1996ರಲ್ಲಿ ನೇಕ್ ಚಂದ್ ವಿದೇಶ ಪ್ರವಾಸದಲ್ಲಿದ್ದಾಗ ಕಿಡಿಗೇಡಿಗಳು ಹಲವು ಶಿಲ್ಪಗಳನ್ನು ಹಾಳುಗೆಡವಿದರು. ಇದರ ಬೆನ್ನಲ್ಲೇ, 1997ರಲ್ಲಿ ಬ್ರಿಟನ್‌ನಲ್ಲಿ ನೇಕ್ ಚಂದ್ ಪ್ರತಿಷ್ಠಾನ ಸ್ಥಾಪನೆಯಾಯಿತು. ಅದರ ಮೂಲಕ ಬಂದ ಸ್ವಯಂಸೇವಕರು ಉದ್ಯಾನದ ಕೆಲಸಗಾರರೊಡನೆ ಕುಳಿತು ಚೂರುಗಳನ್ನು ಜೋಡಿಸುವ ಕೆಲಸದಲ್ಲಿ ಪಾಲ್ಗೊಂಡರು.

ಆತಂಕ ಮಾತ್ರ ಪೂರ್ಣವಾಗಿ ದೂರವಾಗಿಲ್ಲ. ಪಕ್ಕದ ಹೈಕೋರ್ಟ್‌ನ ವಾಹನ ದಟ್ಟಣೆ ತಗ್ಗಿಸಲು 2025ರ ಮಾರ್ಚ್‌ನಲ್ಲಿ ಉದ್ಯಾನದ ಗೋಡೆಯ ಒಂದು ಭಾಗವನ್ನು ಕೆಡವಲಾಯಿತು. ನಗರವಾಸಿಗಳು ಪ್ರತಿಭಟಿಸಿದರೂ ಗೋಡೆ ಉಳಿಯಲಿಲ್ಲ. ಮಳೆ–ಬಿಸಿಲಿಗೆ ಸವೆಯುವ ಸಿಮೆಂಟಿನ ಈ ಶಿಲ್ಪಗಳಿಗೆ ನಿರಂತರ ದುರಸ್ತಿ ಅನಿವಾರ್ಯ. ಆ ಕೈಕೆಲಸ ಮುಂದಿನ ತಲೆಮಾರಿಗೆ ದಾಟಬೇಕಾದರೆ, ಅದನ್ನು ಜನರಿಗೆ ಕಲಿಸುವ ಕಾರ್ಯಾಗಾರಗಳೂ ನಡೆಯುತ್ತಿರಬೇಕಾಗುತ್ತದೆ.